ವೇಗದ ಬಿಲ್ ಕಟ್ಟೋದು ಯಾರು?



ಇವತ್ತು ರಾಜಕೀಯಕ್ಕೆ ಸ್ವಲ್ಪ ರಜೆ ಕೊಡೋಣ, ರಸ್ತೆ ಬಗ್ಗೆ ಮಾತಾಡೋಣ. ಆದರೆ ನಮ್ಮ ರಸ್ತೆಯಿಂದ ಶುರು ಮಾಡೋದಿಲ್ಲ. ಜೋರಾಗಿ ಓಡಿಸುವುದಕ್ಕೆಂದೇ ಕಟ್ಟಿದ ಒಂದು ರಸ್ತೆಯಿಂದ ಶುರು ಮಾಡ್ತೀನಿ. ಅದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್. ಕಾರು, ರೇಸು ಅಂತ ಹುಚ್ಚು ಹಿಡಿಸಿಕೊಂಡ ಹುಡುಗರು ನಿಮ್ಮ ಮನೆಯಲ್ಲಿದ್ದರೆ ಈ ಹೆಸರು ಹೇಳಿ ನೋಡಿ, ಮುಖ ಅರಳುತ್ತೆ. ಕಳೆದ ರಜೆಯಲ್ಲಿ ಅಲ್ಲಿ ಇಡೀ ಒಂದು ದಿನ ಕಳೆದು ಬಂದೆ.

ಮೊದಲು ಜಾಗದ ಪರಿಚಯ. ಐಫೆಲ್ ಅನ್ನುವ ಬೆಟ್ಟಸೀಮೆ. ಮಧ್ಯದಲ್ಲಿ ನ್ಯೂರ್‌ಬರ್ಗ್ ಅನ್ನುವ ಹಳೇ ಕೋಟೆ. ಅದರ ಸುತ್ತ ಕಾಡಿನೊಳಗೆ ಹಾವಿನ ಹಾಗೆ ಹರಿದುಹೋಗುವ ಟ್ರ್ಯಾಕ್. ಕೆಲಸ ಶುರುವಾಗಿದ್ದು 1925ರಲ್ಲಿ. ಆ ಬಡ ಸೀಮೆಯ ನಿರುದ್ಯೋಗಿಗಳ ಕೈಗೆ ಕೂಲಿ ಸಿಗಲಿ ಅನ್ನೋದೂ ಒಂದು ಉದ್ದೇಶವಾಗಿತ್ತು. ಉದ್ಘಾಟನೆ ಆಗಿದ್ದು 1927ರ ಜೂನ್‌ನಲ್ಲಿ. ಈಗ ಉಳಿದಿರುವ ಉತ್ತರದ ಸುತ್ತು, ಅಂದ್ರೆ ನಾರ್ಡ್‌ಷ್ಲೈಫ, 20.8 ಕಿಲೋಮೀಟರ್ ಉದ್ದ. ತಿರುವುಗಳು 73. ತಗ್ಗಿನ ಜಾಗಕ್ಕೂ ಎತ್ತರದ ಜಾಗಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. ಮೆಜೆಸ್ಟಿಕ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋದಷ್ಟು ದೂರ ಅಂದ್ಕೊಳ್ಳಿ. ನಮಗೆ ಗಂಟೆಗಟ್ಟಲೆ ಹಿಡಿಯುವ ಅಷ್ಟು ದೂರವನ್ನು 2018ರಲ್ಲಿ ಪೋರ್ಷೆಯ ರೇಸ್ ಕಾರೊಂದು 5 ನಿಮಿಷ 19 ಸೆಕೆಂಡಿನಲ್ಲಿ ಮುಗಿಸಿತು.

ಈ ಜಾಗದ ಇನ್ನೊಂದು ವಿಶೇಷ ಏನಂದ್ರೆ, ರೇಸ್ ಇಲ್ಲದ ದಿನಗಳಲ್ಲಿ ಇದು ಸಾರ್ವಜನಿಕರಿಗೆ ತೆರೆದಿರುತ್ತೆ. ಟಿಕೆಟ್ ತಗೊಂಡ್ರೆ ನಿಮ್ಮದೇ ಕಾರಲ್ಲಿ ಒಂದು ಸುತ್ತು ಹೋಗಬಹುದು. ಇಂಜಿನಿಯರಿಂಗ್‌ನಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಕಲೋನ್‌ನಲ್ಲಿದ್ದಾನೆ. ಹಾಸನದ ಹುಡುಗ. ಅವನ ಮನೆಯಿಂದ ಒಂದು ಗಂಟೆ ಚಿಲ್ಲರೆ ದಾರಿ. ಬೆಳಗ್ಗೆ ಹೊರಟ್ವಿ. ಗೇಟಿನ ಹತ್ತಿರದ ಪಾರ್ಕಿಂಗ್‌ನಲ್ಲಿ ಕೋಟಿ ಬೆಲೆಯ ಪೋರ್ಷೆ ಇತ್ತು, ಪಕ್ಕದಲ್ಲಿ ಹಿಂದಿನ ಸೀಟಿಗೆ ಮಗುವಿನ ಕುರ್ಚಿ ಕಟ್ಟಿದ್ದ ಹಳೇ ಫ್ಯಾಮಿಲಿ ಕಾರೂ ಇತ್ತು. ಎಲ್ಲರಿಗೂ ಒಂದೇ ಸಾಲು, ನಮ್ಮ ಟೋಲ್ ಗೇಟಿನ ಹಾಗೇ ಒಂದು ಅಡ್ಡಗಂಬ.

ಗೆಳೆಯ ಸ್ಟೀರಿಂಗ್ ಹಿಡಿದ, ನಾನು ಪಕ್ಕದಲ್ಲಿ. "ಬೆಲ್ಟ್ ಇನ್ನೊಂದ್ಸಲ ಎಳೆದು ನೋಡು ಮಗಾ" ಅಂದ. ಅಲ್ಲಿಂದ ಮುಂದೆ ಅವನ ಕಣ್ಣು ಮುಂದಿನ ರಸ್ತೆಗಿಂತ ಹೆಚ್ಚಾಗಿ ಹಿಂದಿನ ಕನ್ನಡಿಯಲ್ಲೇ ಇತ್ತು. ಹಿಂದಿನಿಂದ ವೇಗದ ಕಾರು ಬಂತಾ, ಇವನು ಬಲಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ಸರಿದು ದಾರಿ ಬಿಡ್ತಾನೆ. ಅವರು ಎಡದಿಂದ ದಾಟಿ ಹೋಗ್ತಾರೆ. ಬಲದಿಂದ ಓವರ್‌ಟೇಕ್ ಮಾಡುವ ಹಾಗೇ ಇಲ್ಲ. ಯಾಕಂದ್ರೆ, ಗಮನಿಸಿ, ಸಾರ್ವಜನಿಕರಿಗೆ ತೆರೆದ ಹೊತ್ತಿನಲ್ಲಿ ಅಲ್ಲಿ ಜಾರಿಯಲ್ಲಿರೋದು ರೇಸಿನ ನಿಯಮ ಅಲ್ಲ, ಜರ್ಮನಿಯ ಮಾಮೂಲಿ ಸಂಚಾರ ಕಾನೂನು. ಅದೊಂದು ಏಕಮುಖ ಟೋಲ್ ರಸ್ತೆ, ಅಷ್ಟೇ. ಗಡಿಯಾರ ಹಿಡಿದು ಸುತ್ತಿನ ಸಮಯ ಲೆಕ್ಕ ಹಾಕೋದು ನಿಷೇಧ. ಓಡಿಸುತ್ತಾ ವಿಡಿಯೋ ತೆಗೆಯೋದೂ ನಿಷೇಧ.

ಮಧ್ಯಾಹ್ನ ಟ್ರ್ಯಾಕ್ ಮುಚ್ಚಿತು. ಎಲ್ಲೋ ಒಂದು ಕಾರು ತಡೆಬೇಲಿಗೆ ಹೊಡೆದಿದೆ ಅಂತ ಗೊತ್ತಾಯ್ತು. ಸುಮಾರು ಒಂದು ಗಂಟೆ ಎಲ್ಲರೂ ಕಾದರು. ಆಮೇಲೆ ಟೋಯಿಂಗ್ ಲಾರಿಯ ಮೇಲೆ ಮೂತಿ ನುಜ್ಜುಗುಜ್ಜಾದ ಕಾರು ಬಂತು, ಲಾರಿಯ ಮುಂದಿನ ಸೀಟಿನಲ್ಲಿ ಇಪ್ಪತ್ತು ಇಪ್ಪತ್ತೆರಡರ ಹುಡುಗ. ಅವನಿಗೆ ಒಂದು ಗೀರೂ ಆಗಿರಲಿಲ್ಲ. ಗೆಳೆಯ ಹೇಳಿದ, "ಈಗ ಅವನಿಗೆ ಬಿಲ್ ಬರುತ್ತೆ ನೋಡು." ಬಾಗಿದ ತಡೆಬೇಲಿಯನ್ನು ಮೀಟರ್ ಲೆಕ್ಕದಲ್ಲಿ ಅಳೆದು ದುರಸ್ತಿ ಖರ್ಚು ವಸೂಲಿ ಮಾಡ್ತಾರೆ. ಟೋಯಿಂಗ್ ಖರ್ಚು ಬೇರೆ. ಇಲ್ಲಿ ಆದ ಅಪಘಾತಕ್ಕೆ ಎಷ್ಟೋ ವಿಮಾ ಕಂಪನಿಗಳು ಕೈ ಎತ್ತಿಬಿಡ್ತವೆ. ಮಾಮೂಲಿ ಬಾಡಿಗೆ ಕಾರನ್ನು ಇಲ್ಲಿಗೆ ತರೋಕೂ ಬಿಡೋದಿಲ್ಲ.

ಇಡೀ ದಿನದಲ್ಲಿ ನನ್ನ ತಲೆಯಲ್ಲಿ ಉಳಿದಿದ್ದು ಈ ಬಿಲ್ಲಿನ ಮಾತು. ವೇಗ ನಿನಗೆ ಬೇಕಾ? ತಗೋ. ಆದರೆ ಅದರ ಬಿಲ್ ನೀನೇ ಕಟ್ಟಬೇಕು, ಇನ್ನೊಬ್ಬರು ಅಲ್ಲ. ನ್ಯೂರ್‌ಬರ್ಗ್‌ರಿಂಗ್‌ನ ವ್ಯವಸ್ಥೆ ನಿಂತಿರೋದೇ ಈ ಲೆಕ್ಕದ ಮೇಲೆ.

ಈ ಬುದ್ಧಿ ಅವರಿಗೆ ಸುಲಭವಾಗಿ ಬರಲಿಲ್ಲ, ರಕ್ತ ಕೊಟ್ಟು ಕಲಿತರು. ಮೂರು ಬಾರಿ ವಿಶ್ವ ಚಾಂಪಿಯನ್ ಆದ ಜಾಕಿ ಸ್ಟುವರ್ಟ್ ಇದಕ್ಕೆ ಇಟ್ಟ ಹೆಸರು ಹಸಿರು ನರಕ. 1970ರಲ್ಲಿ ಚಾಲಕರು ಸುರಕ್ಷತೆ ಇಲ್ಲದೆ ಇಲ್ಲಿ ಓಡಿಸಲ್ಲ ಅಂತ ಪಟ್ಟು ಹಿಡಿದರು. ಆ ವರ್ಷದ ಜರ್ಮನ್ ಗ್ರ್ಯಾಂಡ್ ಪ್ರಿ ಹಾಕೆನ್‌ಹೈಮ್‌ಗೆ ಹೋಯಿತು. ಇಲ್ಲಿ ತಡೆಬೇಲಿ ಹಾಕಿ ಸರಿಮಾಡಿದ ಮೇಲೆ ವಾಪಸ್ ಬಂತು. ಆದರೂ ಸಾಕಾಗಲಿಲ್ಲ.

1976ರ ಆಗಸ್ಟ್ 1. ಆ ಹೊತ್ತಿನ ವಿಶ್ವ ಚಾಂಪಿಯನ್, ಆಸ್ಟ್ರಿಯಾದ ನಿಕಿ ಲೌಡಾ. ಈ ಟ್ರ್ಯಾಕ್ ಅಪಾಯಕಾರಿ, ರೇಸ್ ಬಹಿಷ್ಕರಿಸೋಣ ಅಂತ ಮೊದಲೇ ಹೇಳಿದ್ದವರು ಅವರೇ. ಚಾಲಕರ ಮತದಲ್ಲಿ ಅವರ ಮಾತು ಸೋತಿತು. ರೇಸ್ ನಡೆಯಿತು. ಎರಡನೇ ಸುತ್ತಿನಲ್ಲಿ ಲೌಡಾ ಅವರ ಫೆರಾರಿ ದಿಬ್ಬಕ್ಕೆ ಹೊಡೆದು, ಬೆಂಕಿ ಹೊತ್ತಿಕೊಂಡು, ಮತ್ತೆ ಟ್ರ್ಯಾಕಿಗೇ ಬಂದು ಬಿತ್ತು. ಅವರನ್ನ ಹೊರಗೆಳೆದವರು ಹಿಂದೆ ಬರುತ್ತಿದ್ದ ಚಾಲಕರು. ತಮ್ಮ ರೇಸ್ ಬಿಟ್ಟು ಬೆಂಕಿಯೊಳಗೆ ಕೈ ಹಾಕಿದರು. 20 ಕಿಲೋಮೀಟರಿಗೂ ಉದ್ದದ ಕಾಡಿನ ಟ್ರ್ಯಾಕಿನಲ್ಲಿ ಬೆಂಕಿ ಆರಿಸುವವರು, ಆಂಬುಲೆನ್ಸ್ ಎಲ್ಲ ಕಡೆ ಬೇಗ ತಲುಪೋದು ಸಾಧ್ಯವೇ ಇರಲಿಲ್ಲ. ಅದಾದ ಮೇಲೆ ಫಾರ್ಮುಲಾ ಒನ್ ಈ ಹಳೇ ಸುತ್ತಿಗೆ ಮತ್ತೆ ಬರಲೇ ಇಲ್ಲ.

ಲೌಡಾ ಆರು ವಾರದಲ್ಲಿ, ಸುಟ್ಟ ಗಾಯ ಮಾಯುವ ಮೊದಲೇ, ಇಟಲಿಯ ಮೊಂಜಾದಲ್ಲಿ ರೇಸಿಗಿಳಿದು ನಾಲ್ಕನೆಯವರಾಗಿ ಬಂದರು. ಇದನ್ನ ಎಲ್ಲರೂ ಹೇಳ್ತಾರೆ. ನನಗೆ ಇನ್ನೂ ದೊಡ್ಡದು ಅನಿಸೋದು ಅದೇ ವರ್ಷದ ಕೊನೇ ರೇಸು. ಜಪಾನ್‌ನ ಫ್ಯೂಜಿಯಲ್ಲಿ ಸುರಿಯುವ ಮಳೆ. ಎರಡು ಸುತ್ತು ಓಡಿಸಿ ಲೌಡಾ ಕಾರು ನಿಲ್ಲಿಸಿ ಇಳಿದುಬಿಟ್ಟರು. ಅಪಾಯ, ನಾನು ಓಡಿಸಲ್ಲ ಅಂದರು. ಒಂದೇ ಒಂದು ಅಂಕದಲ್ಲಿ ಚಾಂಪಿಯನ್ ಪಟ್ಟ ಹೋಯಿತು. ನಿಲ್ಲಿಸೋಕೂ ಗಂಡೆದೆ ಬೇಕು ಸ್ವಾಮಿ. ಅದಾದ ಮೇಲೆ ಅವರು ಇನ್ನೂ ಎರಡು ಸಲ ವಿಶ್ವ ಚಾಂಪಿಯನ್ ಆದರು.

ಇನ್ನೂ ಹತ್ತಿರದ ಉದಾಹರಣೆ ಕೇಳಿ. 2015ರಲ್ಲಿ ಇದೇ ಟ್ರ್ಯಾಕಿನಲ್ಲಿ ರೇಸ್ ಕಾರೊಂದು ಏರಿನಲ್ಲಿ ಗಾಳಿಗೆ ಹಾರಿ, ಬೇಲಿ ದಾಟಿ, ನೋಡೋಕೆ ಬಂದಿದ್ದ ಒಬ್ಬರ ಜೀವ ತೆಗೆಯಿತು. ಆಗ ಏನು ಮಾಡಿದರು ಗೊತ್ತಾ? ರೇಸ್ ಟ್ರ್ಯಾಕ್ ಮೇಲೇ ಸ್ಪೀಡ್ ಲಿಮಿಟ್ ಹಾಕಿದರು! ಆ ಏರನ್ನು ಸಮಮಾಡಿ, ಬೇಲಿ ಹೆಚ್ಚಿಸಿದ ಮೇಲೆ 2016ರಲ್ಲಿ ಅದನ್ನ ತೆಗೆದರು. ಅಲ್ಲಿ ಈಗ ಸಾವೇ ಇಲ್ಲ ಅಂತಲ್ಲ, ಇದೆ. ಆದರೆ ಒಂದು ಸಾವಾದರೆ ಆ ಜಾಗದಲ್ಲಿ ಏನು ಬದಲಾಯಿಸಬೇಕು ಅಂತ ಕೇಳುವವರೂ ಇದ್ದಾರೆ.

ಈಗ ನಮ್ಮ ರಸ್ತೆಗೆ ಬನ್ನಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಸತ್ತ ನೂರರಲ್ಲಿ ಸುಮಾರು 71 ಸಾವಿಗೆ ಅತಿವೇಗವೇ ಕಾರಣ ಅಂತ ವರದಿ ಹೇಳುತ್ತೆ. ಇನ್ನೊಂದು ಸಂಖ್ಯೆ ನೋಡಿ. ಸತ್ತವರಲ್ಲಿ 32,825 ಜನ ಪಾದಚಾರಿಗಳು. ಹಾಲು ತರೋಕೆ ಹೋದವರು, ಬಸ್ ಇಳಿದು ರಸ್ತೆ ದಾಟುತ್ತಿದ್ದವರು, ಶಾಲೆಯಿಂದ ಬರುತ್ತಿದ್ದ ಮಕ್ಕಳು. ಇವರಿಗೆ ಯಾವ ವೇಗವೂ ಬೇಕಿರಲಿಲ್ಲ. ವೇಗದ ಮಜಾ ಒಬ್ಬನದು, ಬಿಲ್ ಮಾತ್ರ ಇವರ ಮನೆಗೆ!

ಸಣ್ಣ ಲೆಕ್ಕ ಹೇಳ್ತೀನಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು ಸುಮಾರು 28 ಮೀಟರ್ ಹೋಗುತ್ತೆ. ಕ್ರಿಕೆಟ್ ಪಿಚ್‌ನ ಉದ್ದ 20 ಮೀಟರ್. ಅಂದ್ರೆ ನಿಮ್ಮ ಕಾಲು ಬ್ರೇಕ್ ಮುಟ್ಟುವ ಹೊತ್ತಿಗೆ ಒಂದು ಪಿಚ್‌ಗಿಂತ ಹೆಚ್ಚು ದೂರ ಹೋಗಿಯಾಯ್ತು. ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಇದಕ್ಕೆ ರಿಯಾಯಿತಿ ಇಲ್ಲ, ಶಿಫಾರಸು ನಡೆಯಲ್ಲ.

ನಮ್ಮಲ್ಲಿ ಆಗೋದೇ ಇಲ್ಲ ಅನ್ನಬೇಡಿ. ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯ್ತು. ಸಾವಿನ ಸುದ್ದಿಗಳು ಸಾಲಾಗಿ ಬಂದವು. ಆಗಸ್ಟ್ 1ರಿಂದ ಬೈಕ್, ಆಟೋಗಳನ್ನ ಮುಖ್ಯ ಪಥದಿಂದ ಹೊರಗಿಟ್ಟರು. ಕ್ಯಾಮೆರಾ ಬಂತು, 100ರ ಮಿತಿಗೆ ದಂಡ ಬೀಳತೊಡಗಿತು. ಎಲ್ಲರೂ ಬೈದರು. ಆದರೆ ಸಾವುಗಳು ಇಳಿದವು. ಅದೇ ರಸ್ತೆ, ಅದೇ ಜನ.

ಟ್ರ್ಯಾಕ್ ಕಟ್ಟಿಕೊಡಿ, ಹುಡುಗರು ರಸ್ತೆ ಬಿಡ್ತಾರೆ ಅಂತ ಕೆಲವರು ಹೇಳ್ತಾರೆ. ಅರ್ಧ ನಿಜ. ನಿಜವಾಗಿ ಓಡಿಸೋದು ಕಲಿಯಬೇಕು ಅನ್ನುವ ಬೆಂಗಳೂರಿನ ಹುಡುಗರು ಇವತ್ತೂ ಚೆನ್ನೈ ಹತ್ತಿರದ ಇರುಂಗಾಟುಕೋಟೆಗೋ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗ್ತಾರೆ. ಅವರಿಗೆ ನಮ್ಮ ರಾಜ್ಯದಲ್ಲೇ ಒಳ್ಳೆ ಜಾಗ ಸಿಗಬೇಕು, ಖಂಡಿತ. ಆದರೆ ಫ್ಲೈಓವರ್ ಮೇಲೆ ಒಂದೇ ಚಕ್ರದಲ್ಲಿ ವ್ಹೀಲಿಂಗ್ ಮಾಡುವವನಿಗೆ ಬೇಕಾಗಿರೋದು ಟ್ರ್ಯಾಕ್ ಅಲ್ಲ, ನೋಡುವ ಜನ. ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಗಡಿಯಾರ ಬೇಡ, ವಿಡಿಯೋ ಬೇಡ ಅಂದಿರೋದು ಇದಕ್ಕೇ. ಅಂಥ ವಿಡಿಯೋ ನಿಮ್ಮ ಮೊಬೈಲಿಗೆ ಬಂದರೆ ಲೈಕ್ ಒತ್ತಬೇಡಿ, ಮುಂದಕ್ಕೆ ಕಳಿಸಬೇಡಿ.

ಇನ್ನು ಅಪ್ಪ ಅಮ್ಮಂದಿರಿಗೆ ಒಂದು ಮಾತು. ಹದಿನಾರರ ಮಗ ಹಟ ಮಾಡಿದ ಅಂತ ಗಾಡಿ ಕೀ ಕೊಡ್ತೀರಲ್ಲ, 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದು ಸಣ್ಣ ಬಿಲ್. ದೊಡ್ಡ ಬಿಲ್ ಯಾರೋ ಗೊತ್ತಿಲ್ಲದವರ ಮನೆ ಬಾಗಿಲಿಗೆ ಹೋಗುತ್ತೆ. ಕೆಲವು ಸಲ ನಿಮ್ಮ ಬಾಗಿಲಿಗೇ ಬರುತ್ತೆ.

ನಾಳೆ ಬೆಳಗ್ಗೆ ಕೀ ಕೈಗೆ ತಗೊಳ್ಳೋ ಮೊದಲು ಒಂದು ಕ್ಷಣ ಇದನ್ನ ನೆನಪು ಮಾಡಿಕೊಳ್ಳಿ.