ರೋಗಿ ಗಡಿ ದಾಟಿದಾಗ



ಪ್ಲೇನೋದಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ಪಯಣಿಸಿದರೆ ರೆಡ್ ನದಿ, ಅದರಾಚೆ ಓಕ್ಲಹೋಮ. ಕೆಲವು ವರ್ಷಗಳ ಹಿಂದೆ, ನಾನು ಬಹುಕಾಲ ನೋಡಿಕೊಂಡಿದ್ದ ವೃದ್ಧೆಯೊಬ್ಬರು ಮಗಳ ಜೊತೆಯಲ್ಲಿರಲು ಅತ್ತ ಹೋದರು. ಒಂದು ಸಂಜೆ ದೂರವಾಣಿಯಲ್ಲಿ, "ಡಾಕ್ಟ್ರೇ, ಕಾಲು ಊದಿದೆ. ಮಾತ್ರೆ ಹೆಚ್ಚಿಸಲೇ?" ಎಂದರು. ಅವರ ಹೃದಯದ ಸ್ಥಿತಿ ನನಗೆ ಚೆನ್ನಾಗಿ ತಿಳಿದಿತ್ತು. ಆದರೂ "ಅಲ್ಲಿಯ ವೈದ್ಯರನ್ನು ಬೇಗ ಕಾಣಿ, ಅಮ್ಮ" ಎನ್ನಬೇಕಾಯಿತು. ರೋಗಿ ಎಲ್ಲಿರುವರೋ ಚಿಕಿತ್ಸೆ ನಡೆಯುವುದು ಅಲ್ಲೇ ಎಂಬುದು ಇಲ್ಲಿಯ ಕಾನೂನಿನ ನಿಲುವು. ನನ್ನ ಪರವಾನಗಿಯೋ ಟೆಕ್ಸಸ್ಸಿನದು. ಹೊಸ ವೈದ್ಯರ ಭೇಟಿ ದೊರೆಯುವಷ್ಟರಲ್ಲಿ ಅವರು ಆಸ್ಪತ್ರೆ ಸೇರಿದ್ದರು.

ನಾನು ಎಂ.ಬಿ.ಬಿ.ಎಸ್. ಮುಗಿಸಿದಾಗ ಭಾರತದಲ್ಲಿ 1956ರ ವೈದ್ಯಕೀಯ ಪರಿಷತ್ತಿನ ಕಾಯಿದೆ ಜಾರಿಯಲ್ಲಿತ್ತು. ಅಖಿಲ ಭಾರತ ದಾಖಲೆಯಲ್ಲಿ ಹೆಸರಿದ್ದ ವೈದ್ಯನು ದೇಶದ ಯಾವ ಭಾಗದಲ್ಲಾದರೂ ವೃತ್ತಿ ನಡೆಸಬಹುದೆಂದು ಅದು ಹೇಳಿತ್ತು. ಐರೋಪ್ಯ ಒಕ್ಕೂಟವು 2005ರ ನಿರ್ದೇಶನದಲ್ಲಿ ವೈದ್ಯಶಿಕ್ಷಣಕ್ಕೆ ಸಮಾನ ಕನಿಷ್ಠ ಮಟ್ಟವನ್ನಿಟ್ಟು, ಸದಸ್ಯ ರಾಷ್ಟ್ರಗಳು ಪರಸ್ಪರರ ಪದವಿಗಳನ್ನು ಮನ್ನಿಸುವಂತೆ ಮಾಡಿತು. ಅಮೆರಿಕದಲ್ಲಾದರೋ ಪ್ರತಿಯೊಂದು ರಾಜ್ಯಕ್ಕೂ ತನ್ನದೇ ಮಂಡಳಿ, ತನ್ನದೇ ಕಾನೂನು.

ಈ ಬೇಲಿಗೆ ಬಾಗಿಲಿಟ್ಟದ್ದು ಅಂತರರಾಜ್ಯ ವೈದ್ಯಕೀಯ ಪರವಾನಗಿ ಒಪ್ಪಂದ. ಅದರ ಮೂಲಕ 2017ರಿಂದ ಪರವಾನಗಿಗಳು ದೊರೆಯತೊಡಗಿದವು. ಟೆಕ್ಸಸ್ 2021ರಲ್ಲಿ ಕಾನೂನು ಮಾಡಿ, 2022ರಲ್ಲಿ ಅದನ್ನು ಕಾರ್ಯಗತಗೊಳಿಸಿತು. ಓಕ್ಲಹೋಮವೂ ಸದಸ್ಯ ರಾಜ್ಯವೇ. ಇದು ದೇಶಕ್ಕೆಲ್ಲ ಒಂದೇ ಪರವಾನಗಿಯಲ್ಲ. ವೈದ್ಯನ ಮೂಲ ರಾಜ್ಯವು ಅರ್ಹತೆಯನ್ನು ಪರಿಶೀಲಿಸಿ ದೃಢೀಕರಿಸಿದರೆ, ಉಳಿದ ಸದಸ್ಯ ರಾಜ್ಯಗಳು ಅದನ್ನು ನಂಬಿ ತಮ್ಮ ತಮ್ಮ ಪರವಾನಗಿಯನ್ನು ಶೀಘ್ರವಾಗಿ ಕೊಡುತ್ತವೆ. ಶುಲ್ಕ ಮಾತ್ರ ಪ್ರತಿ ರಾಜ್ಯಕ್ಕೂ ಪ್ರತ್ಯೇಕ. ವಿದೇಶದಲ್ಲಿ ಓದಿದವರಿಗೂ ದಾರಿ ಮುಚ್ಚಿಲ್ಲ. ಇಲ್ಲಿಯ ರೆಸಿಡೆನ್ಸಿ, ತಜ್ಞತೆಯ ಪ್ರಮಾಣಪತ್ರ, ನಿಷ್ಕಳಂಕ ದಾಖಲೆ ಬೇಕು.

ಇದರಿಂದ ಗುಣಮಟ್ಟ ಕುಸಿಯದೇ ಎಂದು ಕೆಲವರು ಶಂಕಿಸುತ್ತಾರೆ. ನಾನು ಹಾಗೆ ಭಾವಿಸಲಾರೆ. ಅರ್ಹತೆಯ ಅಳತೆ ಸಡಿಲವಾಗಿಲ್ಲ. ಅದೇ ಅಳತೆಯನ್ನು ಮತ್ತೆ ಮತ್ತೆ ಹಿಡಿಯುವ ಶ್ರಮ ಮಾತ್ರ ತಪ್ಪಿದೆ. ಶಿಸ್ತುಕ್ರಮದ ಮಾಹಿತಿಯನ್ನೂ ರಾಜ್ಯಗಳು ಹಂಚಿಕೊಳ್ಳುವುದರಿಂದ, ತಪ್ಪೆಸಗಿದವನು ನೆರೆರಾಜ್ಯದಲ್ಲಿ ಅಡಗುವುದು ಕಷ್ಟ.

ನಿಮ್ಮಲ್ಲಿ ಅನೇಕರು ತಂದೆತಾಯಿಗಳನ್ನು ಮಕ್ಕಳ ಮನೆಯಿಂದ ಮನೆಗೆ, ರಾಜ್ಯದಿಂದ ರಾಜ್ಯಕ್ಕೆ ಕರೆದೊಯ್ಯುತ್ತೀರಿ. ಹೊರಡುವ ಮುನ್ನ ವೈದ್ಯರನ್ನು ಒಂದು ಮಾತು ಕೇಳಿ: "ಅಲ್ಲಿಗೂ ನಿಮ್ಮ ಪರವಾನಗಿ ಇದೆಯೇ?" ಇಲ್ಲವಾದರೆ ಅಲ್ಲಿಯ ವೈದ್ಯರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಾನು ಈಗ ಓಕ್ಲಹೋಮದ ಪರವಾನಗಿಯನ್ನೂ ಪಡೆದಿದ್ದೇನೆ. ಆ ತಾಯಿ ಕರೆದ ಸಂಜೆ ಅದು ನನ್ನಲ್ಲಿರಲಿಲ್ಲ ಎಂಬ ಕೊರಗು ಮಾತ್ರ ಉಳಿದಿದೆ.