ಕುನ್ನಿಯ ಹದಿನಾರು ವಾರಗಳು

ಧರ್ಮರಾಯನ ಬೆನ್ನುಹತ್ತಿ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿಯ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಹಾಭಾರತದ ಆರಂಭದಲ್ಲಿಯೂ ಒಂದು ನಾಯಿ ಇದೆಯೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆದಿಪರ್ವದಲ್ಲಿ ಜನಮೇಜಯ ಕುರುಕ್ಷೇತ್ರದಲ್ಲಿ ಯಾಗ ನಡೆಸುತ್ತಿದ್ದಾಗ ದೇವಲೋಕದ ನಾಯಿ ಸರಮೆಯ ಮರಿಯೊಂದು ಅಲ್ಲಿಗೆ ಬಂತು. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸಿದರು. ಮರಿ ಅಳುತ್ತ ತಾಯಿಯ ಬಳಿಗೆ ಹೋಯಿತು. ತಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಎಂದಿತು. ಸರಮೆ ಬಂದು ನ್ಯಾಯ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ತಪ್ಪಿಲ್ಲದ ಮರಿಯನ್ನು ಹೊಡೆದ ನಿಮಗೆ ಕಣ್ಣಿಗೆ ಕಾಣದ ಭಯವೊಂದು ಬಂದೊದಗಲಿ ಎಂದು ಶಪಿಸಿ ಹೋದಳು.

ಕಣ್ಣಿಗೆ ಕಾಣದ ಭಯ ಎಂಬ ಈ ಮಾತು ನನ್ನನ್ನು ಬಹಳ ಕಾಲ ಕಾಡಿದೆ. ಏಕೆಂದರೆ ನಾಯಿಮರಿಯ ಬಾಳಿನಲ್ಲಿ ಇರುವ ಭಯಗಳೂ ಬಹುಪಾಲು ಅಂಥವೇ. ಲಾರಿಯ ಚಕ್ರ ಕಾಣುತ್ತದೆ, ಚಿರತೆ ಕಾಣುತ್ತದೆ. ಆದರೆ ಮರಿಗಳನ್ನು ಹಿಂಡುಹಿಂಡಾಗಿ ಕೊಂಡೊಯ್ಯುವ ರೋಗಗಳು ಕಾಣುವುದಿಲ್ಲ. ಕಾಣದ್ದನ್ನು ನಾವು ದೃಷ್ಟಿಯೆಂದೋ, ವಿಧಿಯೆಂದೋ ಕರೆದು ಸುಮ್ಮನಾಗುತ್ತೇವೆ. ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದು ಆ ಕಾಣದ ಭಯದ ವಿಷಯವನ್ನೇ.

ಹಿರಿಯೂರು ತಾಲ್ಲೂಕಿನ ನಮ್ಮ ಯಲ್ಲದಕೆರೆಯ ಸುತ್ತು ಮಳೆ ಕಡಿಮೆಯ ಸೀಮೆ. ಕುರಿಮಂದೆಗಳೂ ಗೊಲ್ಲರಹಟ್ಟಿಗಳೂ ಇರುವ ಈ ಕಡೆ ನಾಯಿಯೆಂದರೆ ಶೋಕಿಯ ಪ್ರಾಣಿಯಲ್ಲ. ರಾತ್ರಿ ರೊಪ್ಪದ ಬಾಗಿಲಲ್ಲಿ ಮಲಗುವ ಕಾವಲುಗಾರ. ಕಾರ್ತೀಕದಲ್ಲಿ ನಾಯಿಗಳು ಕೂಡುತ್ತವೆ. ಗರ್ಭದ ಅವಧಿ ಸುಮಾರು 63 ದಿನ. ಹೀಗಾಗಿ ಅನೇಕ ಮರಿಗಳು ಹುಟ್ಟುವುದು ಪುಷ್ಯ ಮಾಘಗಳ ಕೊರೆಯುವ ಚಳಿಯಲ್ಲಿ. ಹುಟ್ಟುವುವು ಐದಾರು, ಉಳಿಯುವುವು ಒಂದೋ ಎರಡೋ. ಅದನ್ನು ಲೆಕ್ಕವಿಟ್ಟವರಾಗಲಿ ಮರುಗಿದವರಾಗಲಿ ಕಡಿಮೆ.

ಕೆಲವು ವರ್ಷಗಳ ಹಿಂದೆ ಹಟ್ಟಿಯ ಹಿರಿಯರೊಬ್ಬರು ನನ್ನೊಡನೆ ಹೇಳಿದ ಮಾತು ನೆನಪಿದೆ: "ಆರು ಹುಟ್ಟಿದ್ವು ಮೇಷ್ಟ್ರೇ, ಒಂದೇ ಉಳೀತು. ಎರಡು ತಿಂಗಳ ತನಕ ಗುಂಡುಗುಂಡಾಗಿ ಆಡ್ಕೊಂಡಿದ್ವು. ನಾಕು ದಿನದಾಗೆ ಎಲ್ಲಾ ಮುಗೀತು. ಹೋದ ವರ್ಷಾನೂ ಅದೇ ರೊಪ್ಪದಾಗೆ ಹಿಂಗೇ ಆಗಿತ್ತು. ಯಾರ ಕಣ್ಣು ಬಿತ್ತೋ ಏನೋ." ಈ ಮಾತಿನಲ್ಲಿ ಎರಡು ಸಂಗತಿಗಳಿವೆ. ಸಾವು ಬಂದದ್ದು ಎರಡು ತಿಂಗಳಿಗೆ. ಬಂದದ್ದು ಹೋದ ವರ್ಷದ ಜಾಗಕ್ಕೇ. ಕಣ್ಣು ಬಿದ್ದದ್ದು ಏನೂ ಇಲ್ಲ. ಈ ಎರಡಕ್ಕೂ ಕಾರಣಗಳಿವೆ. ಅವನ್ನು ತಿಳಿದರೆ ಆ ಐದು ಮರಿಗಳಂಥವನ್ನು ಉಳಿಸಿಕೊಳ್ಳುವುದು ಸಾಧ್ಯ.

ಮೊದಲು ಹುಟ್ಟಿನಿಂದ ನೋಡೋಣ. ಕುನ್ನಿ ಹುಟ್ಟುವಾಗ ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಕಣ್ಣು ತೆರೆಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಕಿವಿ ತೆರೆಯುವುದು ಇನ್ನೂ ತುಸು ತಡ. ಅದಕ್ಕಿಂತ ಮುಖ್ಯವಾದ ಕೊರತೆಯೊಂದಿದೆ: ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕೆ ಮೊದಲ ಎರಡು ವಾರ ಇರುವುದಿಲ್ಲ. ನಮಗೆ ಚಳಿಯಾದರೆ ಮೈ ನಡುಗುತ್ತದೆ, ನಡುಕದಿಂದ ಕಾವು ಹುಟ್ಟುತ್ತದೆ. ಎಳೆಮರಿಗೆ ನಡುಗಲೂ ಬಾರದು. ತಣ್ಣಗಾದ ಮರಿ ಮೊಲೆ ಚೀಪುವುದಿಲ್ಲ. ಕುಡಿದ ಹಾಲೂ ಜೀರ್ಣವಾಗುವುದಿಲ್ಲ. ಆದ್ದರಿಂದ ಗಾಳಿ ನುಗ್ಗದ ಮೂಲೆ, ನೆಲದ ಮೇಲೆ ಗೋಣಿತಾಟು, ಅದರ ಮೇಲೆ ದಿನವೂ ಬದಲಾಯಿಸುವ ಒಣ ಬಟ್ಟೆ ಇವಿಷ್ಟನ್ನು ತಾಯಿನಾಯಿಗೆ ಒದಗಿಸಿಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಮರಿ ತಣ್ಣಗಾಗಿದ್ದರೆ ಮೊದಲು ಮೈಗೆ ತಗುಲಿಸಿಕೊಂಡು ನಿಧಾನವಾಗಿ ಬೆಚ್ಚಗೆ ಮಾಡಬೇಕು, ಆಮೇಲೆ ಹಾಲು. ಈ ಕ್ರಮ ತಪ್ಪಬಾರದು.

ಹಸು ಕರು ಹಾಕಿದಾಗಿನ ಮೊದಲ ಹಾಲಿನಲ್ಲಿ ನಾವು ಗಿಣ್ಣು ಮಾಡುತ್ತೇವೆ. ನಾಯಿಯ ಮೊದಲ ಹಾಲೂ ಅಂಥದೇ. ರೋಗಗಳ ವಿರುದ್ಧ ತಾಯಿ ತನ್ನ ರಕ್ತದಲ್ಲಿ ಗಳಿಸಿಟ್ಟುಕೊಂಡ ರಕ್ಷಣೆಯ ಬಹುಭಾಗ ಮರಿಗೆ ಬರುವುದು ಆ ಹಾಲಿನ ಮೂಲಕವೇ. ಆದರೆ ಮರಿಯ ಕರುಳು ಅದನ್ನು ಹಾಗೆಯೇ ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ. ಆಮೇಲೆ ಆ ಬಾಗಿಲು ಮುಚ್ಚುತ್ತದೆ. ಐದಾರು ಮರಿಗಳಲ್ಲಿ ಸಣ್ಣದೊಂದು ಯಾವಾಗಲೂ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಅದನ್ನು ಎತ್ತಿ ಹಾಲು ತುಂಬಿದ ಮೊಲೆಗೆ ಹಿಡಿಯುವುದು ಆ ದಿನ ನಾವು ಮಾಡಬಹುದಾದ ದೊಡ್ಡ ಉಪಕಾರ. ದಿನವೂ ಒಂದು ತಕ್ಕಡಿಯಲ್ಲಿ ತೂಗಿ ನೋಡುವುದು ಒಳ್ಳೆಯದು. ಸುಮಾರು ಹತ್ತು ದಿನಕ್ಕೆ ಹುಟ್ಟುತೂಕ ಇಮ್ಮಡಿಯಾಗಬೇಕು. ತೂಕ ಏರದೆ ನಿಂತರೆ ಅದೇ ಮೊದಲ ಎಚ್ಚರಿಕೆ.

ತಾಯಿಯಿಂದ ರಕ್ಷಣೆ ಬರುವಂತೆ ಹುಳುವೂ ಬರುತ್ತದೆ. ನಾಯಿಯ ಮೈಯಲ್ಲಿ ಮರೆಯಾಗಿ ಮಲಗಿದ್ದ ಜಂತುಹುಳುವಿನ ಮರಿಗಳು ಗರ್ಭಕಾಲದಲ್ಲಿ ಎಚ್ಚತ್ತು ಹೊಟ್ಟೆಯೊಳಗಿನ ಕೂಸನ್ನು ಸೇರುತ್ತವೆ, ಹಾಲಿನಲ್ಲಿಯೂ ಹೋಗುತ್ತವೆ. ಹೊಟ್ಟೆ ಮಾತ್ರ ಡೊಳ್ಳಾಗಿ, ಬೆನ್ನಮೂಳೆ ಎದ್ದು ಕಾಣುವ ಮರಿ ಚೆನ್ನಾಗಿ ಉಂಡದ್ದಲ್ಲ, ಹುಳುವಿಗೆ ಉಣಿಸುತ್ತಿರುವುದು. ಎರಡನೆಯ ವಾರದಿಂದಲೇ ಜಂತುವಿನ ಔಷಧ ಮೊದಲುಮಾಡಿ, ಎಂಟು ವಾರದ ತನಕ ಎರಡು ವಾರಕ್ಕೊಮ್ಮೆ, ಅನಂತರ ಆರು ತಿಂಗಳ ತನಕ ತಿಂಗಳಿಗೊಮ್ಮೆ ತೂಕ ನೋಡಿ ಕೊಡಬೇಕು. ತಾಯಿಗೂ ಜೊತೆಯಲ್ಲಿ ಕೊಡಬೇಕು. ಇದರಲ್ಲಿ ನಮ್ಮ ಸ್ವಾರ್ಥವೂ ಇದೆ. ಮರಿಯ ಮಲದ ಮೂಲಕ ಈ ಹುಳುವಿನ ಮೊಟ್ಟೆಗಳು ಅಂಗಳದ ಮಣ್ಣಿಗೆ ಸೇರುತ್ತವೆ. ಆ ಮಣ್ಣಿನಲ್ಲಿ ಆಡುವ ಮಗುವಿನ ಹೊಟ್ಟೆ ಸೇರಿದರೆ ಪಿತ್ತಕೋಶಕ್ಕೆ, ಕೆಲವೊಮ್ಮೆ ಕಣ್ಣಿಗೇ ಅಪಾಯ ತರುತ್ತವೆ.

ಈಗ ಹಟ್ಟಿಯ ಹಿರಿಯರ ಮೊದಲ ಪ್ರಶ್ನೆಗೆ ಬರೋಣ. ಗುಂಡಗಿದ್ದ ಮರಿಗಳು ಎರಡು ತಿಂಗಳಿಗೇ ಏಕೆ ಬೀಳಬೇಕು? ತಾಯಿಯ ಹಾಲು ಕಟ್ಟಿಕೊಟ್ಟದ್ದು ಹೊಲದ ಸುತ್ತ ಹಾಕುವ ಜಾಲಿಮುಳ್ಳಿನ ಬೇಲಿಯಂತೆ. ದಿನ ಕಳೆದಂತೆ ಅದು ಒಣಗಿ ಬೀಳುತ್ತದೆ. ಕೆಲವು ಮರಿಗಳಲ್ಲಿ ಆರನೆಯ ವಾರಕ್ಕೇ ಬೀಳುತ್ತದೆ, ಕೆಲವದರಲ್ಲಿ ಹದಿನಾಲ್ಕು ಹದಿನಾರು ವಾರದವರೆಗೂ ನಿಲ್ಲುತ್ತದೆ. ಹಾಗಾದರೆ ಹುಟ್ಟಿದ ಕೂಡಲೇ ಲಸಿಕೆಯ ಬೇಲಿ ಹಾಕಬಾರದೇಕೆ ಎನ್ನಬಹುದು. ತಾಯಿಯಿಂದ ಬಂದ ರಕ್ಷಣೆ ಲಸಿಕೆಯನ್ನೂ ಶತ್ರುವೆಂದೇ ಬಗೆದು ಅಳಿಸಿಹಾಕುತ್ತದೆ. ಹಳೆಯ ಬೇಲಿ ಬೀಳುವ ತನಕ ಹೊಸ ಬೇಲಿ ನಿಲ್ಲುವುದಿಲ್ಲ. ಇನ್ನೂ ವಿಚಿತ್ರವೆಂದರೆ, ರೋಗವನ್ನು ತಡೆಯಲು ಸಾಲದಷ್ಟು ಕ್ಷೀಣಿಸಿದ ಹಳೆಯ ರಕ್ಷಣೆ ಲಸಿಕೆಯನ್ನು ಕೆಡಿಸಲು ಮಾತ್ರ ಸಾಕಾಗುತ್ತದೆ. ಹಳೆಯದು ಕಾಯದ, ಹೊಸದು ನಿಲ್ಲದ ಆ ಕೆಲವು ದಿನಗಳೇ ಮರಿಯ ಕಂಟಕಕಾಲ. ಅದು ಯಾವ ಮರಿಗೆ ಯಾವ ವಾರವೆಂದು ಹೊರಗಿನಿಂದ ನೋಡಿ ಹೇಳುವಂತಿಲ್ಲ.

ಈ ಕಾರಣದಿಂದಲೇ ವೈದ್ಯರು ಒಂದು ಸೂಜಿಗೆ ತೃಪ್ತರಾಗುವುದಿಲ್ಲ. ಆರರಿಂದ ಎಂಟು ವಾರದೊಳಗೆ ಮೊದಲನೆಯದು, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ, ಕೊನೆಯದು ಹದಿನಾರು ವಾರ ತುಂಬಿದ ಮೇಲೆ. "ಒಂದು ಸಲ ಹಾಕಿಸಿದೆವಲ್ಲ" ಎಂದು ನಿಲ್ಲಿಸಿದವರ ಮರಿಯೇ ಎಷ್ಟೋ ವೇಳೆ ಸಾಯುತ್ತದೆ. ಅಪವಾದ ಲಸಿಕೆಯ ಮೇಲೆ ಬರುತ್ತದೆ.

ಆ ಮರಿಗಳನ್ನು ಕೊಂದದ್ದು ಬಹುಶಃ ಪಾರ್ವೋ ಎಂಬ ವೈರಸ್ಸು. ಇದು ನಾಯಿಗಳಿಗೆ ಪುರಾತನ ರೋಗವಲ್ಲ. 1978ರಲ್ಲಿ ಲೋಕದ ಗಮನಕ್ಕೆ ಬಂದು, ಎರಡೇ ವರ್ಷಗಳಲ್ಲಿ ಖಂಡಖಂಡಗಳನ್ನು ದಾಟಿತು. 1980ರ ದಶಕದ ಆದಿಯಲ್ಲಿ ಭಾರತದಲ್ಲಿಯೂ ಗುರುತಿಗೆ ಬಂತು. ಬೆಕ್ಕಿನ ಜಾತಿಯ ಪ್ರಾಣಿಗಳ ಒಂದು ವೈರಸ್ಸಿಗೆ ಇದು ಹತ್ತಿರದ ನಂಟು. ಇದು ಕರುಳಿನ ಒಳಪದರವನ್ನೇ ಕಿತ್ತುಹಾಕುತ್ತದೆ. ಮೊದಲು ಮರಿ ಮಂಕಾಗುತ್ತದೆ, ಅನ್ನ ಬಿಡುತ್ತದೆ, ವಾಂತಿ ಮಾಡುತ್ತದೆ. ಆಮೇಲೆ ಸಹಿಸಲಾಗದ ನಾತದ, ರಕ್ತ ಬೆರೆತ ಭೇದಿ. ಸಾಯುವುದು ಹೆಚ್ಚಾಗಿ ಮೈಯ ನೀರು ಬತ್ತಿ. ಮಜ್ಜಿಗೆ, ಕಷಾಯಗಳಿಂದ ಕಾಯುತ್ತ ಕೂರುವ ಹೊತ್ತು ಅದಲ್ಲ. ಬೇಗನೆ ದನದ ಆಸ್ಪತ್ರೆಗೆ ಒಯ್ದು ರಕ್ತನಾಳಕ್ಕೆ ದ್ರವ ಏರಿಸಿದರೆ ಹೆಚ್ಚಿನವು ಬದುಕುತ್ತವೆ. ಬಿಟ್ಟರೆ ಹೆಚ್ಚಿನವು ಸಾಯುತ್ತವೆ.

ಅದೇ ರೊಪ್ಪದಲ್ಲಿ ಮತ್ತೆ ಸಾವು ಬಂದದ್ದೇಕೆಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಈ ವೈರಸ್ಸು ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಸೋಪಿಗೆ, ಸಾಮಾನ್ಯ ಫಿನೈಲಿಗೆ ಅದು ಜಗ್ಗುವುದಿಲ್ಲ. ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರಾವಣವನ್ನು ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ, ಮೊದಲು ಗುಡಿಸಿ ತೊಳೆದ ನೆಲಕ್ಕೆ ಹಾಕಿ ಹತ್ತು ನಿಮಿಷ ಬಿಟ್ಟರೆ ಸಾಯುತ್ತದೆ. ಆದರೆ ಮಣ್ಣುನೆಲದಲ್ಲಿ ಅದರ ಆಟ ನಡೆಯುವುದಿಲ್ಲ. ಆದ್ದರಿಂದ ಮರಿ ಸತ್ತ ಜಾಗಕ್ಕೆ ಲಸಿಕೆ ಮುಗಿಯದ ಇನ್ನೊಂದು ಮರಿಯನ್ನು ತರಬಾರದು. ನಮ್ಮ ಚಪ್ಪಲಿಗೆ ಅಂಟಿಯೂ ಈ ರೋಗ ಮನೆಗೆ ಬರುತ್ತದೆ. ಚಪ್ಪಲಿಯನ್ನು ಹೊರಗೆ ಬಿಟ್ಟು ಕಾಲು ತೊಳೆದು ಒಳಗೆ ಬರುವ ನಮ್ಮ ಹಿರಿಯರ ಪದ್ಧತಿ ಮರಿಯಿರುವ ಮನೆಯಲ್ಲಿ ಮತ್ತೆ ಅರ್ಥವತ್ತಾಗುತ್ತದೆ.

ಡಿಸ್ಟೆಂಪರ್ ಎಂಬುದು ಇನ್ನೊಂದು ಪಿಡುಗು. ಮಕ್ಕಳ ದಡಾರದ ವೈರಸ್ಸಿನ ಕುಲಕ್ಕೆ ಸೇರಿದ್ದು. ಕಣ್ಣು ಮೂಗುಗಳಲ್ಲಿ ಗೀಜು, ಕೆಮ್ಮು, ಜ್ವರ, ವಾಸಿಯಾಯಿತೆನ್ನುವಾಗ ಸೆಳವು. ಇದು ನಾಯಿಗಳಲ್ಲಿಯೇ ನಿಲ್ಲುವುದೂ ಇಲ್ಲ. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ, ಅವುಗಳಲ್ಲಿ ಈ ವೈರಸ್ಸು ಇದ್ದುದು ಪರೀಕ್ಷೆಯಿಂದ ತಿಳಿಯಿತು. ಊರಿನ ಮರಿಗೆ ಹಾಕಿಸುವ ಸೂಜಿ ಕಾಡಿನ ಮೃಗಕ್ಕೂ ಕಾವಲಾದೀತು.

ಲಸಿಕೆ ಮುಗಿಯುವ ತನಕ ಮರಿಯನ್ನು ಗೂಡಿನಲ್ಲಿ ಮುಚ್ಚಿಡಬೇಕೆ? ಹಾಗೂ ಅಲ್ಲ. ಮೂರನೆಯ ವಾರದಿಂದ ಮೂರು ತಿಂಗಳವರೆಗೆ ಮರಿಯ ಮನಸ್ಸು ರೂಪುಗೊಳ್ಳುವ ಕಾಲ. ಆಗ ಮನುಷ್ಯರನ್ನೂ ಮಕ್ಕಳನ್ನೂ ಕುರಿಗಳನ್ನೂ ನೋಡದ ಮರಿ ಮುಂದೆ ಅಂಜುಬುರುಕವೋ ಕಚ್ಚುವುದೋ ಆಗುತ್ತದೆ. ತೋಳಿನಲ್ಲಿ ಎತ್ತಿಕೊಂಡು ಲೋಕ ತೋರಿಸಬೇಕು. ಅಪರಿಚಿತ ನಾಯಿಗಳು ಓಡಾಡುವ ನೆಲಕ್ಕೆ ಬಿಡಬಾರದು. ಹಿರಿಯೂರಿನ ಆಸ್ಪತ್ರೆಗೆ ಒಯ್ದಾಗಲೂ ಬುಟ್ಟಿಯಲ್ಲಿಯೇ ಇರಲಿ. ರೋಗದ ನಾಯಿಗಳು ಬಂದು ಹೋಗುವ ಅಂಗಳವದು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸುವುದಂತೂ ಬೇಡ.

ಆಹಾರದ ವಿಷಯದಲ್ಲಿ ಎರಡು ಮೂರು ಮಾತು ಸಾಕು. ನಾಯಿಯ ಹಾಲಿಗಿಂತ ಹಸುವಿನ ಹಾಲಿನಲ್ಲಿ ಸಾರ ಕಡಿಮೆ, ಸಕ್ಕರೆಯ ಅಂಶ ಹೆಚ್ಚು. ಬರಿಯ ಹಸುವಿನ ಹಾಲು ಕುಡಿಸಿದರೆ ಭೇದಿಯಾಗುತ್ತದೆ. ನಾಲ್ಕನೆಯ ವಾರದಿಂದ ಮೆದುವಾಗಿ ಬೇಯಿಸಿದ ಅನ್ನ, ಮೊಟ್ಟೆ, ಮಾಂಸದ ರಸವನ್ನು ದಿನಕ್ಕೆ ನಾಲ್ಕು ಬಾರಿ ಸ್ವಲ್ಪಸ್ವಲ್ಪವಾಗಿ ರೂಢಿಮಾಡಬೇಕು. ನಮ್ಮ ಜಿಲ್ಲೆ ಈರುಳ್ಳಿಗೆ ಹೆಸರಾದದ್ದು. ಆದರೆ ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುವ ವಿಷ. ಈರುಳ್ಳಿ ಹಾಕಿದ ಸಾರು ಬೇಡ, ದ್ರಾಕ್ಷಿಯೂ ಬೇಡ. ಉಣ್ಣಿ ಚಿಗಟಗಳಿಗೆ ಹೊಲದ ಕೀಟನಾಶಕ ಬಳಿಯುವವರಿದ್ದಾರೆ. ಮರಿ ಅದನ್ನು ನೆಕ್ಕಿ ಸಾಯುತ್ತದೆ. ಕುರಿ ಕೊಯ್ದಾಗ ನೀರುಗುಳ್ಳೆ ಎದ್ದ ಪಿತ್ತಕೋಶವನ್ನೋ ಶ್ವಾಸಕೋಶವನ್ನೋ ಹಸಿಯಾಗಿ ನಾಯಿಗೆ ಎಸೆಯುವುದೂ ಅಪಾಯ. ಅದರಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಮತ್ತೆ ಕುರಿಗೂ ಮನುಷ್ಯನಿಗೂ ಗುಳ್ಳೆಯಾಗಿ ತಿರುಗಿಬರುತ್ತದೆ.

ಕೊನೆಯದು ಹುಚ್ಚುನಾಯಿ ರೋಗ, ಎಂದರೆ ರೇಬೀಸ್. ಮೂರು ತಿಂಗಳು ತುಂಬಿದಾಗ ಇದರ ಲಸಿಕೆ, ಮುಂದೆ ವೈದ್ಯರು ಹೇಳಿದಂತೆ ವರ್ಷವರ್ಷವೂ. ಮರಿಗೆ ಹುಚ್ಚೆಲ್ಲಿಯದು, ಹಾಲುಹಲ್ಲು ತಾಗಿದರೆ ಏನು ಮಹಾ ಎಂಬ ಮಾತನ್ನು ನಾನು ಬಹಳ ಕಡೆ ಕೇಳಿದ್ದೇನೆ. ಇದರಷ್ಟು ಅಪಾಯದ ಮಾತು ಇನ್ನೊಂದಿಲ್ಲ. ರೋಗದ ನಾಯಿ ಕಚ್ಚಿದ ಎಳೆಮರಿಗೂ ರೇಬೀಸ್ ಬರುತ್ತದೆ; ಅದು ಮಗುವಿನ ಕೈ ಪರಚಿದರೂ ರೋಗ ದಾಟಬಹುದು; ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಗೊತ್ತಿಲ್ಲದ ಮರಿ ಕಚ್ಚಲಿ ಪರಚಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿಯೆಂಬ ಭಯ ಇನ್ನೂ ಕೆಲವರಲ್ಲಿದೆ. ಆ ಹಳೆಯ ಲಸಿಕೆ 2004ರ ಕೊನೆಗೇ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ತೋಳಿಗೆ ಕೆಲವೇ ಸೂಜಿಗಳು. ಅವನ್ನು ಹೇಳಿದ ದಿನಗಳಂದು ಪೂರ್ತಿಯಾಗಿ ತೆಗೆದುಕೊಳ್ಳಬೇಕು.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವೊಂದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ವೀರ ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ವಿಧಿಸಿದರು. ಆ ಕಾಳಿಯೂ ಒಂದು ಕಾಲಕ್ಕೆ ಕಣ್ಣು ತೆರೆಯದ ಕುನ್ನಿಯಾಗಿತ್ತು. ಯಾರೋ ಹೆಸರಿಲ್ಲದವರು ಅದನ್ನು ಬೆಚ್ಚಗಿಟ್ಟು ಬದುಕಿಸಿದ್ದರಿಂದಲೇ ಕಲ್ಲಿನ ಮೇಲೆ ಅದರ ಹೆಸರು ಮೂಡಿತು. ನಮ್ಮ ಕಡೆಯ ರೊಪ್ಪಗಳಲ್ಲಿ ಬರುವ ಪುಷ್ಯಮಾಸಕ್ಕೆ ಮತ್ತೆ ಕುನ್ನಿಗಳು ಹುಟ್ಟುತ್ತವೆ. ಒಣ ಗೋಣಿತಾಟು, ಜಂತುವಿನ ಔಷಧ, ಹದಿನಾರು ವಾರದೊಳಗಿನ ಮೂರು ನಾಲ್ಕು ಸೂಜಿಗಳು ಇಷ್ಟನ್ನು ನಾವು ಒದಗಿಸಿದರೆ, ಆರರಲ್ಲಿ ಐದಾದರೂ ಉಳಿದಾವು.