ಹನ್ನೆರಡನೇ ತರಗತಿಯ ಕೆಮಿಸ್ಟ್ರಿ ಮತ್ತು ಮನೆಯ ಅಮ್ಮ
(ಪುಣೆಯಲ್ಲಿ ನಮ್ಮ ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಎಂಟೆಕ್ ಮಾಡಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಓದಿದ್ದು ಒಂದು, ಮಾಡುವುದು ಇನ್ನೊಂದು ಎಂದು ನನ್ನ ಅತ್ತೆ ತಮಾಷೆ ಮಾಡುತ್ತಾರೆ. ಆ ಓದಿನ ಋಣ ತೀರಿಸಲೆಂದು ಕೆಲವು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಎರಡು ಗಂಟೆ ನಮ್ಮವರ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ಇಲ್ಲಿನ ಹೆಚ್ಚಿನ ಮಕ್ಕಳು ಸಿಬಿಎಸ್‌ಇ ಓದುವುದರಿಂದ ಇವತ್ತು ಆ ಪರೀಕ್ಷೆಯನ್ನೇ ಇಟ್ಟುಕೊಂಡು ಮಾತಾಡುತ್ತೇನೆ.

ಮೊದಲು ಲೆಕ್ಕ. ಒಟ್ಟು 100 ಅಂಕ. ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30. ಪುಸ್ತಕದಲ್ಲಿ ಈಗ ಹತ್ತು ಪಾಠಗಳಿವೆ. ಸಲ್ಯೂಷನ್ಸ್, ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್ ಈ ಮೂರು ಲೆಕ್ಕದ ಪಾಠಗಳಿಗೆ 23 ಅಂಕ. ಡಿ ಮತ್ತು ಎಫ್ ಬ್ಲಾಕ್, ಕೋಆರ್ಡಿನೇಷನ್ ಕಾಂಪೌಂಡ್ಸ್ ಸೇರಿ 14. ಉಳಿದ ಐದು ಪಾಠಗಳು ಆರ್ಗ್ಯಾನಿಕ್ ಮತ್ತು ಬಯೋಮಾಲಿಕ್ಯೂಲ್ಸ್, ಅವಕ್ಕೆ 33. ಹೆಚ್ಚುಕಡಿಮೆ ಅರ್ಧ ಪತ್ರಿಕೆ ಅಲ್ಲೇ ಇದೆ. ಆದರೆ ಆರ್ಗ್ಯಾನಿಕ್ ಪುಸ್ತಕದ ಎರಡನೇ ಭಾಗದಲ್ಲಿರುವುದರಿಂದ ಮಕ್ಕಳು ಅಲ್ಲಿಗೆ ಬರುವಷ್ಟರಲ್ಲಿ ಡಿಸೆಂಬರ್ ಆಗಿರುತ್ತದೆ. ಹಾಗಾಗಿ ನನ್ನ ಮೊದಲ ಮಾತು: ಜುಲೈನಿಂದಲೇ ಒಂದು ಲೆಕ್ಕದ ಪಾಠ, ಒಂದು ಆರ್ಗ್ಯಾನಿಕ್ ಪಾಠ ಜೋಡಿಯಾಗಿ ನಡೆಯಲಿ.

ಮೂರು ಭಾಗಗಳನ್ನೂ ಒಂದೇ ರೀತಿ ಓದಲು ಬರುವುದಿಲ್ಲ. ಲೆಕ್ಕದ ಪಾಠಗಳನ್ನು ಪೆನ್ನು ಹಿಡಿದೇ ಓದಬೇಕು. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಲಾಗ್ ಟೇಬಲ್ಲೂ ಇಲ್ಲ. ಆದ್ದರಿಂದ ಮನೆಯಲ್ಲೂ ಮೊಬೈಲ್ ಕ್ಯಾಲ್ಕುಲೇಟರ್ ಮುಟ್ಟದೆ ಗುಣಾಕಾರ, ಭಾಗಾಕಾರ ಮಾಡಿ ಅಭ್ಯಾಸವಾಗಬೇಕು. ಲಾಗ್ 2 ಅಂದರೆ 0.3010, ಲಾಗ್ 3 ಅಂದರೆ 0.4771, ಇಷ್ಟು ನಾಲಿಗೆಯ ತುದಿಯಲ್ಲಿದ್ದರೆ ಬಹಳ ಲೆಕ್ಕ ಸಾಗುತ್ತದೆ. ಉತ್ತರದ ಜೊತೆ ಯೂನಿಟ್ ಬರೆಯದೆ ಅರ್ಧ ಅಂಕ ಬಿಟ್ಟುಬರುವ ಜಾಣರು ಪ್ರತಿ ವರ್ಷ ಇರುತ್ತಾರೆ.

ಆರ್ಗ್ಯಾನಿಕ್ ಅಂದರೆ ಬಾಯಿಪಾಠ ಎಂದು ಮಕ್ಕಳು ಹೆದರುತ್ತಾರೆ. ಹೆಸರಿರುವ ಕ್ರಿಯೆಗಳನ್ನು ಮಗ್ಗಿಯಂತೆ ಒಪ್ಪಿಸಿದರೆ ಎರಡು ದಿನಕ್ಕೆ ಮರೆಯುತ್ತವೆ. ಜೋಡಿ ಮಾಡಿ ಕೇಳಿದರೆ ಉಳಿಯುತ್ತವೆ. ಆಲ್ಡಾಲ್ ಯಾರಿಗೆ, ಕ್ಯಾನಿಜಾರೋ ಯಾರಿಗೆ? ಆಲ್ಫಾ ಹೈಡ್ರೋಜನ್ ಇದ್ದವರಿಗೆ ಆಲ್ಡಾಲ್. ಅದು ಇಲ್ಲದ ಫಾರ್ಮಾಲ್ಡಿಹೈಡ್, ಬೆಂಜಾಲ್ಡಿಹೈಡ್‌ಗಳಿಗೆ ಕ್ಯಾನಿಜಾರೋ. ಈ ಒಂದು ‘ಯಾಕೆ’ ತಿಳಿದರೆ ಎರಡು ಕ್ರಿಯೆ ಒಟ್ಟಿಗೆ ನೆನಪಿರುತ್ತವೆ. ಇನ್‌ಆರ್ಗ್ಯಾನಿಕ್ ಭಾಗಕ್ಕೆ ಎನ್‌ಸಿಇಆರ್‌ಟಿ ಪುಸ್ತಕದ ಸಾಲುಗಳನ್ನೇ ಓದಬೇಕು, ಗೈಡ್ ಆಮೇಲೆ.

ಇನ್ನು ಪ್ರಾಕ್ಟಿಕಲ್. ಈ 30 ಅಂಕವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಟೈಟ್ರೇಷನ್‌ಗೆ 8, ಸಾಲ್ಟ್ ಅನಾಲಿಸಿಸ್‌ಗೆ 8, ಇನ್ನೊಂದು ಪ್ರಯೋಗಕ್ಕೆ 6, ಪ್ರಾಜೆಕ್ಟ್‌ಗೆ 4, ರೆಕಾರ್ಡ್ ಮತ್ತು ವೈವಾಗೆ 4. ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಷನ್‌ನಲ್ಲಿ ಬೇರೆ ಇಂಡಿಕೇಟರ್ ಯಾಕೆ ಬೇಡ? ಅದರ ಬಣ್ಣವೇ ಇಂಡಿಕೇಟರ್. ಕೊನೆಯ ಹನಿಗೆ ತಿಳಿ ಗುಲಾಬಿ ನಿಲ್ಲುತ್ತದೆ. ಆಕ್ಸಾಲಿಕ್ ಆಸಿಡ್ ಆದರೆ ಬಿಸಿ ಮಾಡಬೇಕು, ಮೋರ್ಸ್ ಸಾಲ್ಟ್ ಆದರೆ ಮಾಡಬಾರದು. ಯಾಕೆ? ಇಂಥ ಪ್ರಶ್ನೆಗಳೇ ವೈವಾದಲ್ಲಿ ಬರುವುದು. ಲ್ಯಾಬ್ ಇರುವ ದಿನ ಮಗುವನ್ನು ಮದುವೆ, ಗೃಹಪ್ರವೇಶ ಎಂದು ಊರಿಗೆ ಕರೆದೊಯ್ಯಬೇಡಿ. ಪುಸ್ತಕ ರಾತ್ರಿ ಓದಬಹುದು, ಬ್ಯೂರೆಟ್ ಮನೆಗೆ ಬರುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಇದನ್ನೆಲ್ಲ ಕೇಳುತ್ತಾ ನಿಮ್ಮಲ್ಲಿ ಹಲವರು, ‘ಇದರಲ್ಲಿ ನಾನೇನು ಮಾಡಲಿ, ನನಗೆ ಇಂಗ್ಲಿಷೂ ಬಾರದು, ಕೆಮಿಸ್ಟ್ರಿಯೂ ಬಾರದು’ ಎಂದುಕೊಳ್ಳುತ್ತಿರಬಹುದು.

ಎರಡು ವರ್ಷದ ಹಿಂದೆ ನನ್ನ ತರಗತಿಗೆ ಒಬ್ಬ ಹುಡುಗಿ ಬರುತ್ತಿದ್ದಳು. ಬಾಗಲಕೋಟೆ ಕಡೆಯವರು. ಅಮ್ಮ ಜೋಳದ ರೊಟ್ಟಿಯ ಆರ್ಡರ್ ತೆಗೆದುಕೊಂಡು ಮನೆ ನಡೆಸಲು ಕೈಜೋಡಿಸುವವರು. ಹುಡುಗಿಗೆ ನರ್ಸಿಂಗ್ ಓದುವ ಆಸೆ. ಪ್ರಿ-ಬೋರ್ಡ್‌ನಲ್ಲಿ ಥಿಯರಿಗೆ 70ಕ್ಕೆ 26 ಬಂತು. ‘ಸೈನ್ಸ್ ಇವಳ ಕೈಲಾಗುವುದಲ್ಲ, ಪಾಸಾದರೆ ಸಾಕು, ಬಿಎಗೆ ಹಾಕೋಣ’ ಎಂದು ಮನೆಯಲ್ಲಿ ಹೆಚ್ಚುಕಡಿಮೆ ತೀರ್ಮಾನವೇ ಆಗಿಹೋಗಿತ್ತು. ನಾನು ಅಮ್ಮನನ್ನು ಕರೆಸಿ ಮಾತಾಡಿದೆ. “ನನಗೇನ್ ತಿಳೀತೈತ್ರಿ ಮೇಡಮ್ಮಾರ, ನಾ ಕನ್ನಡ ಸಾಲ್ಯಾಗ ಕಲ್ತಾಕಿ” ಎಂದರು. ಅದಕ್ಕೆ ನಾನು, “ಅಕ್ಕಾ, ನಿಮಗೆ ತಿಳಿಯದೇ ಇರುವುದೇ ಒಳ್ಳೆಯದು. ದಿನಾ ರಾತ್ರಿ ಅರ್ಧ ಗಂಟೆ ಅವಳು ಓದಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳಲಿ. ನೀವು ರೊಟ್ಟಿ ಬಡಿಯುತ್ತಲೇ ಕೇಳಿ. ಅರ್ಥವಾಗದ ಕಡೆ ‘ಯಾಕ?’ ಅಂತ ಒಂದೇ ಮಾತು ಕೇಳಿ” ಎಂದೆ.

ಎರಡನೇ ವಾರ ಹುಡುಗಿ ಒಂದು ಪ್ರಶ್ನೆ ಹೊತ್ತುಕೊಂಡು ಬಂದಳು. ನೀರಿಗೆ ಉಪ್ಪು ಹಾಕಿದರೆ ಕುದಿಯುವ ಬಿಂದು ಏರುತ್ತದೆ ಎಂದು ಅಮ್ಮನಿಗೆ ಹೇಳಿದ್ದಳಂತೆ. ಅಮ್ಮ ಕೇಳಿದರಂತೆ, “ಮತ್ತ ಕುಕ್ಕರ್‌ನ್ಯಾಗ ಉಪ್ಪು ಹಾಕದಿದ್ರೂ ಬ್ಯಾಳಿ ಲಗೂನ ಬೇಯತೈತಲ್ಲ, ಯಾಕ?”

ಎಂಥ ಪ್ರಶ್ನೆ ನೋಡಿ! ಅವತ್ತಿನ ಎರಡು ಗಂಟೆ ಅದಕ್ಕೇ ಹೋಯಿತು. ಒಂದು ಲೀಟರ್ ನೀರಿಗೆ 5.85 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಉಪ್ಪು ಹಾಕಿ ಲೆಕ್ಕ ಮಾಡಿದೆವು. ಅದು 0.1 ಮೋಲ್. ಉಪ್ಪು ಎರಡು ಅಯಾನುಗಳಾಗಿ ಒಡೆಯುವುದರಿಂದ ಎರಡರಿಂದ ಗುಣಿಸಿ, ನೀರಿನ ಸ್ಥಿರಾಂಕ 0.52 ಸೇರಿಸಿದರೆ ಕುದಿಯುವ ಬಿಂದು ಏರುವುದು ಬರೀ 0.1 ಡಿಗ್ರಿ. ಕುಕ್ಕರ್‌ನಲ್ಲಿ ಕೆಲಸ ಮಾಡುವುದು ಒತ್ತಡ. ಆವಿ ಹೊರಗೆ ಹೋಗದೆ ಒತ್ತಡ ಹೊರಗಿನದರ ಸುಮಾರು ಎರಡರಷ್ಟಾಗಿ, ನೀರು 120 ಡಿಗ್ರಿ ಹತ್ತಿರ ಕುದಿಯುತ್ತದೆ. ಅಲ್ಲಿಂದ ಕೈನೆಟಿಕ್ಸ್‌ಗೆ ಬಂದೆವು: 10 ಡಿಗ್ರಿ ಏರಿದರೆ ಬಹಳಷ್ಟು ಕ್ರಿಯೆಗಳ ವೇಗ ಸುಮಾರು ಎರಡರಷ್ಟಾಗುತ್ತದೆ, 20 ಡಿಗ್ರಿಗೆ ನಾಲ್ಕರಷ್ಟು. ಬೇಳೆ ಬೇಗ ಬೇಯುವುದರ ಗುಟ್ಟು ಇದು. ಸಲ್ಯೂಷನ್ಸ್ ಮತ್ತು ಕೈನೆಟಿಕ್ಸ್, ಎರಡು ಪಾಠಗಳ ನಡುವಿನ ಬಾಗಿಲನ್ನು ಆ ತಾಯಿಯ ‘ಯಾಕ?’ ತೆಗೆಯಿತು. ಇಂಗ್ಲಿಷ್‌ನಲ್ಲಿ ವಾಕ್ಯವನ್ನು ಹಾಗೇ ಒಪ್ಪಿಸಿ ಪಾರಾಗಬಹುದು. ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಾದರೆ ಅರ್ಥವಾಗಿರಲೇಬೇಕು.

ಬೋರ್ಡ್ ಪರೀಕ್ಷೆಯಲ್ಲಿ ಅವಳಿಗೆ ಥಿಯರಿಯಲ್ಲಿ 49 ಬಂತು. ಪೇಪರಿನಲ್ಲಿ ಫೋಟೋ ಬರುವಷ್ಟಲ್ಲ. ಆದರೆ ಈಗ ಅವಳು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಳೆ.

ಇನ್ನೊಂದು ಮಾತು ಕೇಳಿ. ನಮ್ಮ ಮನೆಗಳಲ್ಲಿ ಹುಡುಗನಿಗೆ ಪರೀಕ್ಷೆ ಎಂದರೆ ಟಿವಿ ಬಂದ್, ಹಾಲು ಬಾದಾಮಿ ಕೋಣೆಗೇ ಹೋಗುತ್ತದೆ. ಹುಡುಗಿಗೆ ಪರೀಕ್ಷೆ ಎಂದರೆ, ‘ಒಂದು ಹತ್ತು ನಿಮಿಷ ಬಾರೇ, ನೆಂಟರು ಬಂದಿದ್ದಾರೆ’. ಆ ಹತ್ತು ನಿಮಿಷ ದಿನಕ್ಕೆ ಆರು ಸಲ ಆದರೆ ಒಂದು ಗಂಟೆ. ಸಂಕ್ರಾಂತಿಯಿಂದ ಪರೀಕ್ಷೆಯವರೆಗೆ ಲೆಕ್ಕ ಹಾಕಿದರೆ ಎರಡು ಪಾಠ. ಕಡಿಮೆ ಅಂಕ ಬಂದಾಗ ಮಾತ್ರ ‘ಇವಳಿಗೆ ಸೈನ್ಸ್ ಬಾರದು’ ಎನ್ನುತ್ತೇವೆ. ಮೊದಲು ಸಮಯ ಕೊಟ್ಟು ನೋಡೋಣ.

ಕೊನೆಯ ಎರಡು ತಿಂಗಳಿಗೆ ಮೂರೇ ಸೂಚನೆ. ವಾರಕ್ಕೊಂದು ಪೂರ್ಣ ಪತ್ರಿಕೆ, ಗಡಿಯಾರ ಇಟ್ಟುಕೊಂಡು ಮೂರು ಗಂಟೆ ಒಂದೇ ಕೂರಿಕೆಯಲ್ಲಿ ಬರೆಯಲಿ. ತಪ್ಪಾದ ಉತ್ತರಗಳಿಗೆ ಒಂದು ಬೇರೆ ನೋಟ್‌ಬುಕ್ ಇರಲಿ. ಪರೀಕ್ಷೆಯ ಹಿಂದಿನ ದಿನ ಓದಬೇಕಾದದ್ದು ಅದನ್ನೇ. ಮೂರನೆಯದು ನಿದ್ದೆ. ರಾತ್ರಿಯಿಡೀ ಓದಿ ಬೆಳಿಗ್ಗೆ ತೂಕಡಿಸುವ ಮಗುವಿಗೆ ಗೊತ್ತಿದ್ದದ್ದೂ ಕೈಕೊಡುತ್ತದೆ.

ಇವತ್ತು ರಾತ್ರಿ ಮನೆಗೆ ಹೋಗಿ, ‘ಎಷ್ಟು ಓದಿದೆ?’ ಎಂದು ಕೇಳುವ ಬದಲು, ‘ಏನು ಓದಿದೆ, ನನಗೂ ಸ್ವಲ್ಪ ಹೇಳು’ ಎಂದು ಕೇಳಿ. ಭಾನುವಾರದ ತರಗತಿಗೆ ಯಾರ ಮಕ್ಕಳಾದರೂ ಬರಬಹುದು, ಶುಲ್ಕವಿಲ್ಲ. ಅಮ್ಮಂದಿರೂ ಬಂದು ಕೂರಬಹುದು. ಕುಕ್ಕರ್‌ನಂಥ ಪ್ರಶ್ನೆಗಳಿದ್ದರೆ ಖಂಡಿತ ಬನ್ನಿ.